ರೇಡಿಯೇಷನ್‌ಗೆ ದಿನಾ ಬಸ್ಸಲ್ಲಿ ಹೋಗಿ ಬರಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ 52 ವರ್ಷ. ಗರ್ಭಕೋಶದ ಬಾಯಿಯ ಕ್ಯಾನ್ಸರ್, ಎರಡನೇ ಹಂತ ಅಂದಿದ್ದಾರೆ. ಆಪರೇಷನ್ ಬೇಡವಂತೆ. ಬೆಂಗಳೂರಿನ ಕಿದ್ವಾಯಿಯಲ್ಲಿ 25 ದಿನ ರೇಡಿಯೇಷನ್, ಅದರ ಜೊತೆ ವಾರಕ್ಕೊಂದು ಸಿಸ್ಪ್ಲಾಟಿನ್ ಕೀಮೋ, ಕೊನೆಗೆ ಒಳಗಿನಿಂದ ಕೊಡುವ ರೇಡಿಯೇಷನ್ ಅಂತ ಬರೆದುಕೊಟ್ಟಿದ್ದಾರೆ. ನಾನು ತುಮಕೂರಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡ್ತೀನಿ. ಸ್ವಂತ ಕಾರಿಲ್ಲ. ಟ್ಯಾಕ್ಸಿಯವರು ಹೋಗಿ ಬರೋಕೆ ನಾಲ್ಕು ಸಾವಿರ ಕೇಳ್ತಾರೆ, 25 ದಿನಕ್ಕೆ ಒಂದು ಲಕ್ಷ. ಬಸ್ಸಲ್ಲೇ ಕರ್ಕೊಂಡು ಹೋಗೋಣ ಅಂದ್ರೆ, ಕೀಮೋ ತಗೊಂಡೋರು ಬಸ್ಸು ಹತ್ತಿದ್ರೆ ಇನ್ಫೆಕ್ಷನ್ ಆಗಿ ಜೀವಕ್ಕೇ ಅಪಾಯ ಅಂತ ಊರಲ್ಲಿ ಹೆದರಿಸ್ತಾರೆ. ಕರೆಂಟ್ (ರೇಡಿಯೇಷನ್‌ಗೆ ಊರಲ್ಲಿ ಹಾಗಂತಾರೆ) ಕೊಟ್ಟ ಮೇಲೆ ಅಮ್ಮ ಗರ್ಭಿಣಿಯರ ಪಕ್ಕ ಕೂರಬಾರದು ಅಂತಾರೆ ಚಿಕ್ಕಮ್ಮ. ನನ್ನ ತಂಗಿಗೆ ಈಗ ಐದು ತಿಂಗಳು. ದಿನಾ ಓಡಾಡೋ ಬದಲು ದಿನ ಬಿಟ್ಟು ದಿನ ಹೋದ್ರೆ ನಡೆಯಲ್ವಾ? ಏನು ಮಾಡಲಿ ಹೇಳಿ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನನಗೆ ನಿಜವಾಗಿ ದಿಗಿಲಾಗಿದ್ದು ಅದನ್ನು ಓದಿ. ದಿನ ಬಿಟ್ಟು ದಿನ ಹೋದರೆ ನಡೆಯುವುದಿಲ್ಲ. ಖಂಡಿತ ನಡೆಯುವುದಿಲ್ಲ.

ರೇಡಿಯೇಷನ್ ಅನ್ನು ಒಂದೇ ಸಲ ಕೊಡದೆ 25 ಭಾಗ ಮಾಡಿ ಕೊಡುವುದಕ್ಕೆ ಕಾರಣ ಇದೆ. ಪ್ರತಿ ಸಲ ಬೀಳುವ ಕಿರಣದಿಂದ ಸುತ್ತಲಿನ ಒಳ್ಳೆಯ ಜೀವಕೋಶಗಳಿಗೂ ಪೆಟ್ಟಾಗುತ್ತದೆ. ಅವು ರಾತ್ರಿ ಕಳೆಯುವಷ್ಟರಲ್ಲಿ ಬಹುಪಾಲು ಸುಧಾರಿಸಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಅಷ್ಟು ಚೆನ್ನಾಗಿ ಸುಧಾರಿಸಿಕೊಳ್ಳಲು ಬರುವುದಿಲ್ಲ. ಆದರೆ ನಡುವೆ ಬಿಡುವು ಜಾಸ್ತಿಯಾದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಅರ್ಧ ಕಳೆ ಕಿತ್ತು ಬಿಟ್ಟ ರಾಗಿ ಹೊಲದ ಹಾಗೆ. ನಿಮ್ಮ ತಾಯಿಗೆ ಬಂದಿರುವ ಕ್ಯಾನ್ಸರ್‌ನಲ್ಲಿ ಹೊರಗಿನ ರೇಡಿಯೇಷನ್ ಮತ್ತು ಒಳಗಿನ ರೇಡಿಯೇಷನ್ ಎರಡೂ ಸೇರಿ ಎಂಟು ವಾರದೊಳಗೆ, ಅಂದರೆ 56 ದಿನದೊಳಗೆ, ಮುಗಿಯಬೇಕು. ಅದನ್ನು ಮೀರಿದರೆ ದಿನವೊಂದಕ್ಕೆ ಶೇಕಡಾ 1ರ ಆಸುಪಾಸಿನಷ್ಟು ಗುಣವಾಗುವ ಅವಕಾಶ ಕಡಿಮೆಯಾಗುತ್ತಾ ಹೋಗುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಲೆಕ್ಕ ಹಾಕಿದರೆ 25 ಸಿಟ್ಟಿಂಗ್‌ಗೆ ಐದು ವಾರ. ಉಳಿಯುವುದು ಮೂರು ವಾರ. ಅದರೊಳಗೆ ಒಳಗಿನ ರೇಡಿಯೇಷನ್‌ನ ಮೂರೋ ನಾಲ್ಕೋ ಸಿಟ್ಟಿಂಗ್ ಆಗಬೇಕು. ಹಬ್ಬದ ರಜೆ, ಮಷಿನ್ ಸರ್ವಿಸ್, ಒಂದು ದಿನ ಜ್ವರ, ಎಲ್ಲವೂ ಅದರಲ್ಲೇ ಕಳೆಯಬೇಕು. ದಿನ ಬಿಟ್ಟು ದಿನ ಹೋದರೆ ಹೊರಗಿನ ರೇಡಿಯೇಷನ್ ಒಂದೇ ಎಂಟು ವಾರ ದಾಟುತ್ತದೆ.

ಹಾಗಾಗಿ ಬಸ್ಸಲ್ಲಿ ಹೋಗುವುದು ಅಪಾಯವೇ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಮೊದಲ ಮಾತು ಇಷ್ಟು: ಬಸ್ಸಿಗೆ ಹೆದರಿ ಒಂದು ಸಿಟ್ಟಿಂಗ್ ತಪ್ಪಿಸಿದರೆ ಆಗುವ ನಷ್ಟ, ಬಸ್ಸು ಹತ್ತಿದ್ದರಿಂದ ಆಗಬಹುದಾದ ನಷ್ಟಕ್ಕಿಂತ ದೊಡ್ಡದು. ನನ್ನ ಒಪಿಡಿಗೆ ಬರುವವರಲ್ಲಿ ಹೆಚ್ಚಿನವರು ಬಸ್ಸು ರೈಲುಗಳಲ್ಲೇ ಬರುತ್ತಾರೆ. ಅವರ ಚಿಕಿತ್ಸೆಯೂ ಚೆನ್ನಾಗಿಯೇ ಮುಗಿಯುತ್ತದೆ. ಚಿಕಿತ್ಸೆ ಅರ್ಧಕ್ಕೆ ನಿಲ್ಲಿಸಿದವರನ್ನು ಕೇಳಿದರೆ ಬಸ್ಸಿನ ಸೋಂಕಿನಿಂದ ನಿಲ್ಲಿಸಿದೆ ಅನ್ನುವವರು ಅಪರೂಪ. ದುಡ್ಡು ಮುಗಿಯಿತು, ಕರೆದುಕೊಂಡು ಬರುವವರು ಇರಲಿಲ್ಲ, ಓಡಾಟದಿಂದ ಸುಸ್ತಾಯಿತು, ಇವೇ ಕಾರಣ.

ಈಗ ಇನ್ಫೆಕ್ಷನ್ ವಿಷಯ. ಊರಿನವರು ಹೇಳುವುದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೀಮೋ ಅಂದರೆ ಒಂದೇ ಔಷಧಿ ಅಲ್ಲ. ಮೂರು ವಾರಕ್ಕೊಮ್ಮೆ ಕೊಡುವ ಕೆಲವು ಜೋರಾದ ಕೀಮೋಗಳಲ್ಲಿ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಸಾಮಾನ್ಯವಾಗಿ ಕೀಮೋ ಆದ 7ನೇ ದಿನದಿಂದ 14ನೇ ದಿನದ ನಡುವೆ. ಆ ವಾರ ನೂಕುನುಗ್ಗಲಿಗೆ ಹೋಗಬಾರದು ಅನ್ನುವುದು ಸರಿ. ನಿಮ್ಮ ತಾಯಿಗೆ ಕೊಡುವುದು ವಾರಕ್ಕೊಮ್ಮೆ ಸಣ್ಣ ಡೋಸಿನ ಸಿಸ್ಪ್ಲಾಟಿನ್. ಇದರಲ್ಲೂ ರಕ್ತಕಣ ಇಳಿಯುತ್ತದೆ, ಆದರೆ ಅಪಾಯದ ಮಟ್ಟಕ್ಕೆ ಇಳಿಯುವುದು ಕಡಿಮೆ. ಪ್ರತಿ ವಾರ ಕೀಮೋಗೆ ಮುಂಚೆ ರಕ್ತ ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಆ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ, ಲೆಕ್ಕ ಎಷ್ಟಿದೆ ಎಂದು ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ. 1,500ರ ಮೇಲಿದ್ದರೆ ಮಾಸ್ಕ್ ಹಾಕಿಕೊಂಡು ಆರಾಮಾಗಿ ಬಸ್ಸು ಹತ್ತಿ. 1,000ಕ್ಕಿಂತ ಕೆಳಗೆ ಬಂದರೆ ಜನಜಂಗುಳಿ ಬೇಡ. 500ಕ್ಕಿಂತ ಕೆಳಗಿದ್ದರೆ ಹೇಗೆ ಹೋಗಬೇಕು ಅನ್ನುವುದನ್ನು ಡಾಕ್ಟರೇ ಹೇಳುತ್ತಾರೆ, ಅವತ್ತು ನೀವಾಗಿ ತೀರ್ಮಾನ ಮಾಡಬೇಡಿ.

ಇನ್ನೊಂದು ಮಾತು ಜನಕ್ಕೆ ಗೊತ್ತಿರುವುದಿಲ್ಲ. ರಕ್ತಕಣ ಇಳಿದಾಗ ಬರುವ ಸೋಂಕುಗಳಲ್ಲಿ ಹೆಚ್ಚಿನವು ಬರುವುದು ಪಕ್ಕದವರಿಂದ ಅಲ್ಲ. ನಮ್ಮದೇ ಕರುಳು, ಬಾಯಿ, ಚರ್ಮದಲ್ಲಿ ಮಾಮೂಲಾಗಿ ಇರುವ ಬ್ಯಾಕ್ಟೀರಿಯಾಗಳಿಂದ. ಅದಕ್ಕೇ ಬಾಯಿ ಮುಕ್ಕಳಿಸುವುದು, ಕೈ ತೊಳೆಯುವುದು, ಮಲವಿಸರ್ಜನೆಯ ಜಾಗ ಸ್ವಚ್ಛವಾಗಿಟ್ಟುಕೊಳ್ಳುವುದು ಇವೆಲ್ಲ ಮಾಸ್ಕಿನಷ್ಟೇ ಮುಖ್ಯ. ಬಸ್ಸಿನಿಂದ ಹಿಡಿದುಕೊಂಡು ಬರುವುದು ಮುಖ್ಯವಾಗಿ ನೆಗಡಿ, ಕೆಮ್ಮು, ಫ್ಲೂ ಥರದ್ದು. ಅದಕ್ಕೆ ಸರಿಯಾಗಿ ಕೂತ ಮಾಸ್ಕ್ ಇರಲಿ, ಕಿಟಕಿ ಪಕ್ಕದ ಸೀಟು ಸಿಗಲಿ. ಕಂಬಿ ಹಿಡಿದ ಕೈಯಿಂದ ಮೂಗು ಬಾಯಿ ಮುಟ್ಟಿಕೊಳ್ಳದಿರಲಿ. ಎಸಿ ಬಸ್ಸು ಅಂದರೆ ಸುರಕ್ಷಿತ ಅಂತ ಕೆಲವರು ದುಡ್ಡು ಹೆಚ್ಚು ಕೊಟ್ಟು ಹೋಗುತ್ತಾರೆ. ಎಲ್ಲ ಕಿಟಕಿ ಮುಚ್ಚಿದ ಎಸಿ ಬಸ್ಸಿಗಿಂತ ಕಿಟಕಿ ತೆರೆದ ಕೆಂಪು ಬಸ್ಸಿನಲ್ಲೇ ಗಾಳಿ ಜಾಸ್ತಿ ಓಡಾಡುತ್ತದೆ. ಧೂಳು ಬರುತ್ತದೆ, ನಿಜ. ಮಾಸ್ಕ್ ಇದೆಯಲ್ಲ.

ಚಿಕ್ಕಮ್ಮನಿಗೆ ಹೀಗೆ ಹೇಳಿ. ಹೊರಗಿನಿಂದ ಕೊಡುವ ರೇಡಿಯೇಷನ್‌ನಲ್ಲಿ ಮಷಿನ್ ಆಫ್ ಆದ ಕೂಡಲೇ ಕಿರಣ ನಿಂತಿತು. ಮೈಯಲ್ಲಿ ಏನೂ ಉಳಿಯುವುದಿಲ್ಲ. ಅಮ್ಮ ಅವತ್ತೇ ನಿಮ್ಮ ತಂಗಿಯ ಪಕ್ಕ ಕೂರಬಹುದು, ಒಂದೇ ತಟ್ಟೆಯಲ್ಲಿ ಊಟ ಮಾಡಬಹುದು, ಬಸ್ಸಲ್ಲಿ ಯಾರದ್ದೋ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಒಳಗಿನಿಂದ ಕೊಡುವ ರೇಡಿಯೇಷನ್‌ನಲ್ಲೂ ಹೆಚ್ಚಿನ ಕಡೆ ಈಗ ಬಳಸುವ ವಿಧಾನದಲ್ಲಿ ವಿಕಿರಣದ ಸಣ್ಣ ತುಣುಕು ನಳಿಗೆಯೊಳಗೆ ಹೋಗಿ, ಕೆಲವೇ ನಿಮಿಷ ಇದ್ದು, ವಾಪಸ್ ಮಷಿನ್‌ಗೆ ಬಂದುಬಿಡುತ್ತದೆ. ಮನೆಗೆ ಏನನ್ನೂ ಹೊತ್ತುಕೊಂಡು ಬರುವುದಿಲ್ಲ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಥೈರಾಯ್ಡ್ ಕ್ಯಾನ್ಸರಿಗೆ ರೇಡಿಯೋ ಅಯೋಡಿನ್ ಎಂಬ ಔಷಧಿ ಕುಡಿಸುತ್ತಾರೆ. ಅದು ಕೆಲವು ದಿನ ಮೈಯಲ್ಲಿ ಉಳಿದು ಮೂತ್ರ, ಬೆವರಲ್ಲಿ ಹೊರಗೆ ಹೋಗುತ್ತದೆ. ಅವರಿಗೆ ಪ್ರತ್ಯೇಕ ಕೋಣೆ, ಡಿಸ್ಚಾರ್ಜ್ ಆದ ಮೇಲೂ ಗರ್ಭಿಣಿ, ಮಕ್ಕಳಿಂದ ದೂರ ಇರಿ, ತುಂಬಿದ ಬಸ್ಸಲ್ಲಿ ದೂರದ ಪ್ರಯಾಣ ಬೇಡ ಅಂತ ಹೇಳಿ ಕಳಿಸುತ್ತಾರೆ. ಪೆಟ್ ಸ್ಕ್ಯಾನ್ ಆದ ದಿನವೂ ಕೆಲವು ಗಂಟೆ ಅಷ್ಟು ಎಚ್ಚರ ಬೇಕು. ಅದರಲ್ಲಿ ಚುಚ್ಚುವ ವಿಕಿರಣ ವಸ್ತುವಿನ ಶಕ್ತಿ ಸುಮಾರು 110 ನಿಮಿಷಕ್ಕೆ ಅರ್ಧ ಅರ್ಧ ಆಗುತ್ತಾ ಹೋಗುತ್ತದೆ. ಒಬ್ಬರಿಗೆ ಹೇಳಿದ ಮಾತು ಊರಿಗೆಲ್ಲ ಹಬ್ಬಿದೆ, ಅಷ್ಟೇ. ಇದರ ಪರಿಣಾಮ ಮಾತ್ರ ಸಣ್ಣದಲ್ಲ. ರೇಡಿಯೇಷನ್ ತಗೊಳ್ಳುವ ಅಜ್ಜಿಯರನ್ನು ಮನೆಯವರೇ ದೂರ ಕೂರಿಸುವುದನ್ನು ನೋಡಿ ಬೇಜಾರಾಗಿದೆ.

ಈಗ ನಿಮ್ಮ ತಾಯಿಯ ಓಡಾಟ ನಿಜವಾಗಿ ಹೇಗಿರುತ್ತದೆ ನೋಡೋಣ. ಹಳ್ಳಿಯಿಂದ ಗುಬ್ಬಿ, ಗುಬ್ಬಿಯಿಂದ ಬೆಂಗಳೂರು, ಅಲ್ಲಿಂದ ಡೈರಿ ಸರ್ಕಲ್ ಹತ್ತಿರದ ಆಸ್ಪತ್ರೆ. ಹೋಗಿ ಬರುವುದಕ್ಕೆ ದಿನಕ್ಕೆ ಆರು ಏಳು ಗಂಟೆ ಹಿಡಿಯುತ್ತದೆ. ಮಷಿನ್ ಮೇಲೆ ಮಲಗುವುದು ಹತ್ತು ಹದಿನೈದು ನಿಮಿಷ.

ಇಲ್ಲಿ ನಾನು ಎಲ್ಲರಿಗೂ ಹೇಳುವ ಒಂದು ಮಾತಿದೆ. ಬಸ್ಸೋ ಟ್ಯಾಕ್ಸಿಯೋ ಎಂದು ಯೋಚಿಸುವ ಮೊದಲು ಸಮಯ ಬದಲಾಯಿಸಿಕೊಳ್ಳಿ. ರೇಡಿಯೇಷನ್ ಮಷಿನ್ ಬೆಳಗಿನಿಂದ ಸಂಜೆ ತನಕ ಓಡುತ್ತದೆ. ಪ್ರತಿಯೊಬ್ಬರಿಗೂ ಒಂದು ಸಮಯ ಇರುತ್ತದೆ. ಕಿರಣ ಎಲ್ಲಿ ಬೀಳಬೇಕೆಂದು ಗೊತ್ತುಮಾಡುವ ಪ್ಲಾನಿಂಗ್ ಸಿಟಿ ಸ್ಕ್ಯಾನ್ ಮಾಡುವ ದಿನವೇ, ಇಲ್ಲವೇ ಮೊದಲ ಸಿಟ್ಟಿಂಗ್ ದಿನ, ಮಷಿನ್ ಓಡಿಸುವ ಟೆಕ್ನಾಲಜಿಸ್ಟ್ ಹತ್ತಿರ ಹೋಗಿ ನೇರವಾಗಿ ಹೇಳಿ: ನಾವು ಗುಬ್ಬಿಯಿಂದ ಬರ್ತೀವಿ, ಹನ್ನೊಂದೂವರೆಯಿಂದ ಒಂದೂವರೆ ಒಳಗೆ ಸಮಯ ಸಿಕ್ಕಿದರೆ ಅನುಕೂಲ. ಎಷ್ಟೋ ಜನ ಕೇಳುವುದೇ ಇಲ್ಲ. ಕೊಟ್ಟಿದ್ದು ತಗೊಂಡು ಸುಮ್ನೆ ಹೋಗುತ್ತಾರೆ. ಹಾಸನ, ಚಿತ್ರದುರ್ಗದಿಂದ ಬರುವವರಿಗೆ ಬೆಳಿಗ್ಗೆ ಎಂಟಕ್ಕೆ, ಜಯನಗರದಲ್ಲಿ ಇರುವವರಿಗೆ ಮಧ್ಯಾಹ್ನ ಹನ್ನೆರಡಕ್ಕೆ ಸಮಯ ಬಿದ್ದಿರುವುದನ್ನು ನೋಡಿದ್ದೇನೆ. ಮೊದಲ ದಿನ ಆಗದಿದ್ದರೂ ವಾರದಲ್ಲಿ ಯಾರದ್ದಾದರೂ ಚಿಕಿತ್ಸೆ ಮುಗಿದು ಜಾಗ ಖಾಲಿಯಾಗುತ್ತದೆ. ಮತ್ತೆ ಕೇಳಿ.

ಈ ಸಮಯ ಸಿಕ್ಕರೆ ಅರ್ಧ ಕಷ್ಟ ಕಡಿಮೆ. ಬೆಳಗಿನ ತುಮಕೂರು ಬೆಂಗಳೂರು ರೈಲುಗಳು ಆಫೀಸಿಗೆ ಹೋಗುವವರಿಂದ ಬಾಗಿಲ ತನಕ ತುಂಬಿರುತ್ತವೆ. ಅದೇ ಎಂಟೂವರೆ ಒಂಬತ್ತರ ಮೇಲೆ ಹೊರಟರೆ ಕೂರಲು ಜಾಗ ಸಿಗುತ್ತದೆ. ಸಂಜೆ ಐದರ ಜನಸಂದಣಿಗೆ ಮೊದಲೇ ಬೆಂಗಳೂರು ಬಿಡಬಹುದು.

ದಾರಿ ಹೀಗೆ ಯೋಚಿಸಿ. ರೈಲಲ್ಲಿ ಬಂದರೆ ಯಶವಂತಪುರದಲ್ಲಿ ಇಳಿಯಿರಿ. ಬಸ್ಸಲ್ಲಿ ಬಂದರೆ ಮೆಜೆಸ್ಟಿಕ್ ತನಕ ಹೋಗಬೇಡಿ, ಗೊರಗುಂಟೆಪಾಳ್ಯದಲ್ಲಿ ಇಳಿಯಿರಿ. ಎರಡೂ ಕಡೆ ಹಸಿರು ಮಾರ್ಗದ ಮೆಟ್ರೋ ಇದೆ. ರೇಷ್ಮೆ ಸಂಸ್ಥೆ ಕಡೆಯ ರೈಲು ಹತ್ತಿ ಲಾಲ್‌ಬಾಗ್ ಸ್ಟೇಷನ್‌ನಲ್ಲಿ ಇಳಿದು ಅಲ್ಲಿಂದ ಆಟೋ. ಮೆಟ್ರೋದಲ್ಲಿ ಲಿಫ್ಟ್ ಇದೆ, ಮೊದಲ ಬೋಗಿ ಹೆಂಗಸರಿಗೆ. ಟ್ರಾಫಿಕ್‌ನಲ್ಲಿ ಬ್ರೇಕ್ ಹಾಕಿ ಹಾಕಿ ಹೊಟ್ಟೆ ತೊಳಸುವುದೂ ತಪ್ಪುತ್ತದೆ. ಖರ್ಚಿನ ಮಾತಿಗೆ ಬಂದರೆ, 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆಯಲ್ಲಿ ಅಮ್ಮನಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸು ಎರಡೂ ಉಚಿತ. ನಗರದ ಸಾಮಾನ್ಯ ಬಿಎಂಟಿಸಿ ಬಸ್ಸೂ ಉಚಿತ. ರಾಜಹಂಸ, ಎಸಿ ಬಸ್ಸಿಗೆ ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಆಸ್ಪತ್ರೆಯ ಫೈಲಿನಲ್ಲೇ ಇರಲಿ. ಹಬ್ಬದ ಹಿಂದುಮುಂದಿನ ದಿನ, ಸೋಮವಾರ ಬೆಳಿಗ್ಗೆ, ಶುಕ್ರವಾರ ಸಂಜೆ ಬಸ್ಸುಗಳು ಗಿಜಿಗುಡುತ್ತವೆ. ಆ ಹೊತ್ತಿಗೆ ರೈಲೇ ವಾಸಿ.

ರೈಲಿಗೆ ನಾನು ಹೆಚ್ಚು ಒಲವು ತೋರಿಸುವುದಕ್ಕೆ ಬೇರೆ ಕಾರಣವಿದೆ. ಶೌಚಾಲಯ. ಹೊಟ್ಟೆಯ ಕೆಳಭಾಗಕ್ಕೆ ರೇಡಿಯೇಷನ್ ಕೊಟ್ಟಾಗ ಎರಡು ಮೂರನೇ ವಾರದಿಂದ ಭೇದಿ ಶುರುವಾಗಬಹುದು. ಮೂತ್ರಕ್ಕೆ ಪದೇಪದೇ ಹೋಗಬೇಕು ಅನ್ನಿಸುತ್ತದೆ, ಉರಿಯಬಹುದು. ಹೆಂಗಸರು ಇದನ್ನು ಮಗನ ಹತ್ತಿರ ಹೇಳುವುದಿಲ್ಲ. ದಾರಿಯಲ್ಲಿ ತೊಂದರೆ ಆಗಬಾರದು ಅಂತ ಬೆಳಗಿನಿಂದ ನೀರು ಕುಡಿಯುವುದನ್ನೇ ನಿಲ್ಲಿಸಿಬಿಡುತ್ತಾರೆ. ಸಿಸ್ಪ್ಲಾಟಿನ್ ಕಿಡ್ನಿಯ ಮೇಲೆ ಹೊರೆ ಹಾಕುವ ಔಷಧಿ. ನೀರು ಕಡಿಮೆಯಾದರೆ ಕಿಡ್ನಿಗೆ ಪೆಟ್ಟು. ಆಗ ಕೀಮೋ ನಿಲ್ಲಿಸಬೇಕಾಗುತ್ತದೆ. ಒಂದು ಬಸ್ಸಿನಲ್ಲಿ ಶೌಚಾಲಯ ಇಲ್ಲದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ನೀವು ಕೇಳಲು ಸಂಕೋಚ ಪಟ್ಟರೆ ತಂಗಿಯ ಕೈಯಲ್ಲಿ ಕೇಳಿಸಿ. ಪ್ಯಾಡ್ ಅಥವಾ ದೊಡ್ಡವರ ಡೈಪರ್ ಹಾಕಿಕೊಂಡು ಪ್ರಯಾಣ ಮಾಡುವುದರಲ್ಲಿ ನಾಚಿಕೆ ಏನೂ ಇಲ್ಲ. ಒಂದು ಜೊತೆ ಬಟ್ಟೆ, ಒಆರ್‌ಎಸ್ ಪೊಟ್ಟಣ, ಡಾಕ್ಟರ್ ಕೊಟ್ಟ ಭೇದಿ ಮಾತ್ರೆ ಬ್ಯಾಗಿನಲ್ಲಿರಲಿ.

ಮೂತ್ರದ ವಿಷಯದಲ್ಲೇ ಇನ್ನೊಂದು ಗೊಂದಲ. ಈ ರೇಡಿಯೇಷನ್‌ಗೆ ಮೂತ್ರಚೀಲ ತುಂಬಿರಬೇಕು ಎಂದು ಹೇಳಿರುತ್ತಾರೆ. ಚೀಲ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಕಿರಣದಿಂದ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಕೆಲವರು ತುಮಕೂರಿಂದಲೇ ತಡೆದುಕೊಂಡು ಬರುತ್ತಾರೆ. ಹಾಗೆ ಮಾಡಬೇಡಿ. ಆಸ್ಪತ್ರೆಗೆ ಬಂದು, ಒಮ್ಮೆ ಮೂತ್ರ ಮಾಡಿ, ಆಮೇಲೆ ಅಲ್ಲಿ ಹೇಳಿದಷ್ಟು ನೀರು ಕುಡಿದು, ಹೇಳಿದಷ್ಟು ಹೊತ್ತು ಕಾಯಿರಿ. ಸಾಮಾನ್ಯವಾಗಿ ಅರ್ಧ ಲೀಟರ್, ಅರ್ಧ ಮುಕ್ಕಾಲು ಗಂಟೆ. ಹಾಗಾಗಿ ನಿಮ್ಮ ಸಮಯಕ್ಕಿಂತ ಒಂದು ಗಂಟೆ ಮುಂಚೆ ಅಲ್ಲಿರುವಂತೆ ಲೆಕ್ಕ ಹಾಕಿ.

ಕಿರಣ ಬೀಳಬೇಕಾದ ಜಾಗ ಗುರುತಿಸಲು ಹೊಟ್ಟೆ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿರುತ್ತಾರೆ. ಬಸ್ಸಿನ ಸೆಕೆಗೆ ಬೆವರಿ, ಲಂಗದ ಲಾಡಿ ಉಜ್ಜಿ ಉಜ್ಜಿ ಅದು ಅಳಿಸಿಹೋಗುತ್ತದೆ. ಲಾಡಿಯನ್ನು ಗೆರೆಯ ಜಾಗದಿಂದ ಮೇಲಕ್ಕೋ ಕೆಳಕ್ಕೋ ಸಡಿಲವಾಗಿ ಕಟ್ಟಲಿ. ಚಿಕಿತ್ಸೆಯ ದಿನಗಳಲ್ಲಿ ಹತ್ತಿಯ ಸಡಿಲ ನೈಟಿ ಮೇಲೊಂದು ಶಾಲು ಹೊದ್ದು ಬರುವವರಿದ್ದಾರೆ, ಅದೂ ಒಳ್ಳೆಯದೇ. ಅಳಿಸಿದರೆ ನೀವೇ ಪೆನ್ನಲ್ಲಿ ತಿದ್ದಬೇಡಿ. ಟೆಕ್ನಾಲಜಿಸ್ಟ್‌ಗೆ ಹೇಳಿ.

ವಾರದಲ್ಲಿ ಒಂದು ದಿನ ಮಾತ್ರ ಬೇರೆ ಥರ. ಕೀಮೋ ದಿನ. ಸಿಸ್ಪ್ಲಾಟಿನ್ ಜೊತೆ ಡ್ರಿಪ್ ಬಾಟಲಿಗಳು ಹೋಗುತ್ತವೆ. ನಾಲ್ಕೈದು ಗಂಟೆ ಹಿಡಿಯುತ್ತದೆ. ಅಷ್ಟು ನೀರು ಒಳಗೆ ಹೋದ ಮೇಲೆ ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು. ವಾಂತಿ ತಡೆಯುವ ಇಂಜೆಕ್ಷನ್ ಕೊಟ್ಟಿರುತ್ತಾರೆ, ಆದರೂ ಹೊಟ್ಟೆ ತೊಳಸುತ್ತದೆ. ಈ ಸ್ಥಿತಿಯಲ್ಲಿ ಸಂಜೆ ಆರಕ್ಕೆ ನಿಂತುಕೊಂಡು ತುಮಕೂರು ತನಕ ಬಸ್ಸು ಬೇಡವೇ ಬೇಡ. ಅವತ್ತು ರಾತ್ರಿ ಬೆಂಗಳೂರಲ್ಲೇ ಉಳಿಯಿರಿ, ಇಲ್ಲವೇ ಅವತ್ತೊಂದು ದಿನ ಟ್ಯಾಕ್ಸಿ ಮಾಡಿ. ಐದು ಕೀಮೋಗೆ ಐದು ಟ್ಯಾಕ್ಸಿ, ನಿಮ್ಮ ಲೆಕ್ಕದಲ್ಲೇ 20 ಸಾವಿರ. ಒಂದು ಲಕ್ಷಕ್ಕೂ ಅದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಕೀಮೋ ಮರುದಿನ, ಅದರ ಮರುದಿನವೂ ವಾಂತಿ ಬರಬಹುದು. ಸಿಸ್ಪ್ಲಾಟಿನ್ ಸ್ವಭಾವವೇ ಹಾಗೆ. ಮಾತ್ರೆಯನ್ನು ವಾಂತಿ ಬಂದ ಮೇಲೆ ನುಂಗುವುದಲ್ಲ, ಚೀಟಿಯಲ್ಲಿ ಬರೆದ ಹೊತ್ತಿಗೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿಸಬೇಡಿ. ಎರಡು ಇಡ್ಲಿ, ಒಂದು ಲೋಟ ಮಜ್ಜಿಗೆ ಸಾಕು. ಹಿಂದಿನ ಚಕ್ರದ ಮೇಲಿನ ಸೀಟಲ್ಲಿ ಕುಲುಕಾಟ ಜಾಸ್ತಿ. ಮುಂದಿನ ಅರ್ಧದಲ್ಲಿ ಕೂರಿಸಿ. ನಿಂಬೆಹಣ್ಣು ಮೂಸಿದರೆ ಹಿತವಾಗುತ್ತದೆ ಅಂದರೆ ಮೂಸಲಿ, ನಷ್ಟವೇನಿಲ್ಲ. ದಪ್ಪ ಪ್ಲಾಸ್ಟಿಕ್ ಕವರ್ ಎರಡು, ಒಂದರೊಳಗೊಂದು, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಕೀಮೋ ಆದ 48 ಗಂಟೆ ತನಕ ವಾಂತಿ, ಮೂತ್ರದಲ್ಲಿ ಔಷಧಿಯ ಅಂಶ ಇರುತ್ತದೆ. ಕಿಟಕಿಯಿಂದ ಹೊರಗೆ ವಾಂತಿ ಮಾಡಿಸಬೇಡಿ. ಕವರ್ ಗಂಟು ಹಾಕಿ ಕಸದ ಡಬ್ಬಿಗೆ. ಒರೆಸುವ ಕೆಲಸ ಬಂದರೆ ಗ್ಲೌಸ್ ಹಾಕಿಕೊಳ್ಳಿ, ಗರ್ಭಿಣಿ ತಂಗಿಯ ಕೈಯಲ್ಲಿ ಆ ಕೆಲಸ ಮಾಡಿಸಬೇಡಿ. ಅವಳು ಎಚ್ಚರ ವಹಿಸಬೇಕಾದ್ದು ಇಲ್ಲಿ, ಕರೆಂಟಿನ ವಿಷಯದಲ್ಲಿ ಅಲ್ಲ.

ಈ ಕೀಮೋದಲ್ಲಿ ತಲೆಕೂದಲು ಅಷ್ಟಾಗಿ ಉದುರುವುದಿಲ್ಲ. ನೋಡುವವರಿಗೆ ಅಮ್ಮ ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ. ಹಾಗಾಗಿ ಯಾರೂ ತಾವಾಗಿ ಸೀಟು ಬಿಡುವುದಿಲ್ಲ. ಕಂಡಕ್ಟರ್‌ಗೆ ಆಸ್ಪತ್ರೆ ಫೈಲ್ ತೋರಿಸಿ ಒಂದು ಮಾತು ಹೇಳಿ. ಬಾಯಿಬಿಟ್ಟು ಕೇಳಿದರೆ ಹೆಚ್ಚಿನವರು ಕೂರಲು ಜಾಗ ಮಾಡಿಕೊಡುತ್ತಾರೆ. ರಕ್ತ ಕಡಿಮೆಯಾದಾಗ, ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ ಬಂದಾಗ, ನಿಂತು ಪ್ರಯಾಣ ಮಾಡಿದರೆ ತಲೆ ಸುತ್ತುತ್ತದೆ. ಈ ಕ್ಯಾನ್ಸರ್‌ನಲ್ಲಿ ಹಿಮೋಗ್ಲೋಬಿನ್ 10ರ ಮೇಲೆ ಇಟ್ಟುಕೊಳ್ಳಲು ನಾವು ನೋಡುತ್ತೇವೆ. ಬೇಕಾದರೆ ರಕ್ತ ಹಾಕುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೂ, ನನ್ನನ್ನೇ ಕೇಳಿದರೆ ಐದು ವಾರವೂ ದಿನಾ ಓಡಾಡಿ ಎಂದು ಹೇಳುವುದಿಲ್ಲ. ಮೊದಲ ಎರಡು ವಾರ ಓಡಾಡಬಹುದು. ರೇಡಿಯೇಷನ್‌ನ ಅಡ್ಡಪರಿಣಾಮಗಳು ಇನ್ನೂ ಜೋರಾಗಿರುವುದಿಲ್ಲ. ಮೂರನೇ ವಾರದಿಂದ ಸೋಮವಾರ ಬಂದು ಶುಕ್ರವಾರ ಊರಿಗೆ ಹೋಗುವ ಹಾಗೆ ಮಾಡಿ. ಆಸ್ಪತ್ರೆಯ ಧರ್ಮಶಾಲೆಯಲ್ಲಿ ಹೊರಊರಿನವರಿಗೆ ಉಳಿಯಲು ಅವಕಾಶ ಇರುತ್ತದೆ. ಜಾಗ ಬೇಗ ತುಂಬುತ್ತದೆ. ಮೂರನೇ ವಾರಕ್ಕೆ ಬೇಕಾದರೆ ಮೊದಲ ವಾರವೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಂಡು ಹೆಸರು ಬರೆಸಿ. ಅಲ್ಲಿನ ತೊಂದರೆಗಳೂ ಗೊತ್ತಿರಲಿ: ಜನ ಜಾಸ್ತಿ, ನಿದ್ದೆ ಕಡಿಮೆ, ಜೊತೆಗೆ ಇರುವವರ ಕೂಲಿ ಕೆಲಸ ಹೋಗುತ್ತದೆ. ಹತ್ತಿರದಲ್ಲಿ ನೆಂಟರ ಮನೆ ಇದ್ದರೆ ಸಂಕೋಚ ಬಿಟ್ಟು ಕೇಳಿ. ಎರಡು ರೋಗಿಗಳ ಮನೆಯವರು ಸೇರಿ ಒಂದು ರೂಮು ಬಾಡಿಗೆಗೆ ಹಿಡಿಯುವುದೂ ಇದೆ. ತುಮಕೂರು ಕಡೆಯಿಂದ ಬರುವ ಇನ್ನೊಬ್ಬರು ಸಿಕ್ಕರೆ ಇಬ್ಬರೂ ಒಂದೇ ಹೊತ್ತಿನ ಸಮಯ ಕೇಳಿ ಪಡೆದು ಕಾರಿನ ಬಾಡಿಗೆ ಹಂಚಿಕೊಳ್ಳಬಹುದು. ಕಾಯುವ ಕೋಣೆಯಲ್ಲಿ ಮಾತಾಡಿಸಿ ನೋಡಿ. ಬೈಕಿನಲ್ಲಿ ಮಾತ್ರ ಕರೆದುಕೊಂಡು ಬರಬೇಡಿ. ಮೂರನೇ ವಾರದ ಹೊತ್ತಿಗೆ ಕೂರುವ ಜಾಗದ ಚರ್ಮ ಕೆಂಪಾಗಿ ಉರಿಯುತ್ತಿರುತ್ತದೆ. ಸುಸ್ತಿನಲ್ಲಿ ತೂಕಡಿಸಿ ಬಿದ್ದರೆ ಇನ್ನೊಂದು ತಾಪತ್ರಯ.

ಹತ್ತಿರದ ಬೇರೆ ಆಸ್ಪತ್ರೆಗೆ ಬದಲಾಯಿಸೋಣವೇ ಎಂಬ ಯೋಚನೆ ಇದ್ದರೆ ಈಗಲೇ, ಶುರುವಾಗುವ ಮೊದಲೇ ಮಾಡಿ. ಅರ್ಧದಲ್ಲಿ ಬದಲಾಯಿಸಿದರೆ ಮತ್ತೆ ಸ್ಕ್ಯಾನ್, ಮತ್ತೆ ಪ್ಲಾನಿಂಗ್. ಅದರಲ್ಲೇ ಹತ್ತು ದಿನ ಹೋಗಬಹುದು. ಉತ್ತರ ಕರ್ನಾಟಕದ ಓದುಗರು ಬೆಂಗಳೂರಿಗೇ ಬರಬೇಕೆಂದಿಲ್ಲ. ಕಲಬುರಗಿಯಲ್ಲಿ ಕಿದ್ವಾಯಿಯ ಘಟಕ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬರೀ ಕೀಮೋ ತಗೊಳ್ಳುವವರಿಗೆ 2025ರ ಮೇ ತಿಂಗಳಿಂದ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಶುರುವಾಗಿದೆ. ಮೊದಲ ಕೀಮೋ ದೊಡ್ಡ ಆಸ್ಪತ್ರೆಯಲ್ಲಿ, ಮುಂದಿನವು ಜಿಲ್ಲೆಯಲ್ಲಿ. ನಿಮ್ಮ ತಾಯಿಯ ಕೀಮೋ ರೇಡಿಯೇಷನ್ ಜೊತೆಗೇ ನಡೆಯುವುದರಿಂದ ಅದು ಒಂದೇ ಕಡೆ ಆಗುವುದು ಒಳ್ಳೆಯದು.

ರೈಲ್ವೆ ರಿಯಾಯಿತಿ ಬಗ್ಗೆಯೂ ಹೇಳಿಬಿಡುತ್ತೇನೆ. ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರು ಟಯರ್ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ, ಜೊತೆಯವರಿಗೆ ಶೇ. 75. ಸೆಕೆಂಡ್ ಕ್ಲಾಸಿನಲ್ಲಿ ಇಬ್ಬರಿಗೂ ಶೇ. 75. 2020ರಲ್ಲಿ ಹಲವು ರಿಯಾಯಿತಿಗಳನ್ನು ನಿಲ್ಲಿಸಿದಾಗಲೂ ರೋಗಿಗಳದ್ದನ್ನು ಉಳಿಸಿಕೊಂಡಿದ್ದಾರೆ. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಸಹಿ, ಸೀಲು ಹಾಕಿಸಿದ ಪ್ರಮಾಣಪತ್ರ ಬೇಕು. ಟಿಕೆಟ್ ಸ್ಟೇಷನ್ ಕೌಂಟರ್‌ನಲ್ಲಿ ತಗೊಳ್ಳಬೇಕು. ಗುಬ್ಬಿಯಿಂದ ಬರುವ ನಿಮಗೆ ಉಳಿಯುವುದು ಅಲ್ಪ. ಬೀದರ್, ರಾಯಚೂರಿನಿಂದ ಬರುವವರಿಗೆ ಇದು ದೊಡ್ಡ ಮೊತ್ತ. ಆದರೂ ಎಷ್ಟೋ ಜನ ಇಡೀ ಚಿಕಿತ್ಸೆ ಮುಗಿಸಿ ಹೋಗುವಾಗ ಇದರ ಬಗ್ಗೆ ಮೊದಲ ಸಲ ಕೇಳುತ್ತಾರೆ.

ಬಸ್ಸು ಬರಲಿಲ್ಲ, ಬಂದ್ ಆಯಿತು, ಮುಷ್ಕರ ಆಯಿತು ಅಂದರೆ? 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರ ಮುಷ್ಕರ ಎರಡು ವಾರ ನಡೆದದ್ದು ನೆನಪಿರಬಹುದು. ಅಂಥ ದಿನ ಮನೆಯಲ್ಲಿ ಸುಮ್ಮನೆ ಕೂರದೆ ಬೆಳಿಗ್ಗೆಯೇ ರೇಡಿಯೇಷನ್ ವಿಭಾಗಕ್ಕೆ ಫೋನ್ ಮಾಡಿ. ತಪ್ಪಿದ ಸಿಟ್ಟಿಂಗನ್ನು ಶನಿವಾರ ಕೊಡಬಹುದು, ಅಥವಾ ಒಂದೇ ದಿನ ಆರು ಗಂಟೆ ಅಂತರ ಬಿಟ್ಟು ಎರಡು ಸಲ ಕೊಡಬಹುದು. ಇದನ್ನು ಡಾಕ್ಟರ್ ತೀರ್ಮಾನಿಸಬೇಕು. ಆದರೆ ಅವರಿಗೆ ಗೊತ್ತಾಗಬೇಕಲ್ಲ. ಫೋನ್ ನಂಬರನ್ನು ಮೊದಲ ದಿನವೇ ಬರೆದುಕೊಳ್ಳಿ.

ಯಾವಾಗ ಬಸ್ಸು ಹತ್ತಲೇಬಾರದು ಅನ್ನುವುದು ಮುಖ್ಯ. ಜ್ವರ 100.4 ಡಿಗ್ರಿ ಅಥವಾ ಹೆಚ್ಚು, ಚಳಿ ನಡುಕ, ಉಸಿರಾಟದ ತೊಂದರೆ, ಪ್ಯಾಡ್ ಮೇಲೆ ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ, ಒಂದು ಕಾಲು ಮಾತ್ರ ಊದಿ ನೋಯುವುದು, ನೀರೂ ನಿಲ್ಲದ ವಾಂತಿ. ಇದರಲ್ಲಿ ಯಾವುದಿದ್ದರೂ ಬೆಂಗಳೂರಿಗೇ ಹೋಗಬೇಕು ಅಂತ ಎರಡು ಬಸ್ಸು ಬದಲಾಯಿಸಿಕೊಂಡು ಬರಬೇಡಿ. 108ಕ್ಕೆ ಕರೆ ಮಾಡಿ, ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ, ಕೀಮೋ ತಗೊಳ್ಳುತ್ತಿದ್ದಾರೆ ಎಂದು ಬಾಗಿಲಲ್ಲೇ ಹೇಳಿ. ಜ್ವರ ನೋಡುವ ಮುಂಚೆ ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮುಚ್ಚಿಹೋಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಇವತ್ತೇ ಒಂದು ತಗೊಳ್ಳಿ. ಕಾಲು ಊದುವುದು ರಕ್ತ ಹೆಪ್ಪುಗಟ್ಟಿದ್ದರಿಂದ ಇರಬಹುದು. ಕ್ಯಾನ್ಸರ್ ಇರುವವರಿಗೆ ಇದರ ಸಾಧ್ಯತೆ ಜಾಸ್ತಿ, ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಇನ್ನೂ ಜಾಸ್ತಿ. ಪ್ರಯಾಣದಲ್ಲಿ ಪಾದ ಮೇಲೆ ಕೆಳಗೆ ಆಡಿಸುತ್ತಿರಲು ಹೇಳಿ.

ಬೇರೆ ಚಿಕಿತ್ಸೆ ತಗೊಳ್ಳುತ್ತಿರುವ ಓದುಗರಿಗೆ ಒಂದೆರಡು ಮಾತು. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ತಗೊಂಡವರಿಗೆ ಕೆಲವು ದಿನ ತಣ್ಣನೆಯದು ತಾಗಿದರೆ ಬೆರಳು, ಗಂಟಲು ಜುಮ್ಮೆನ್ನುತ್ತದೆ. ಎಸಿ ಗಾಳಿಯ ನೇರಕ್ಕೆ ಕೂರಬೇಡಿ, ಬಸ್‌ಸ್ಟ್ಯಾಂಡಿನ ಫ್ರಿಜ್ ನೀರು ಕುಡಿಯಬೇಡಿ. ಪ್ಯಾಕ್ಲಿಟ್ಯಾಕ್ಸೆಲ್ ಕೀಮೋದಿಂದ ಪಾದ ಮರಗಟ್ಟಿದ್ದರೆ ಬಸ್ಸಿನ ಮೆಟ್ಟಿಲು ಕಣ್ಣಲ್ಲಿ ನೋಡಿಕೊಂಡೇ ಇಳಿಯಿರಿ. ತೋಳಿನಲ್ಲಿ ಪಿಕ್ ಲೈನ್ (ಕೀಮೋ ಕೊಡಲು ರಕ್ತನಾಳದೊಳಗೆ ಹಾಕಿಟ್ಟ ಕೊಳವೆ) ಇದ್ದರೆ, ಅಥವಾ ಸ್ತನದ ಆಪರೇಷನ್ ಆದ ಕಡೆಯ ಕೈ ಆದರೆ, ಆ ಕೈಯಲ್ಲಿ ಮೇಲಿನ ಕಂಬಿಗೆ ನೇತಾಡಬೇಡಿ, ಭಾರದ ಚೀಲ ಹಿಡಿಯಬೇಡಿ.

ಇನ್ನು ಒಳಗಿನ ರೇಡಿಯೇಷನ್ ದಿನಗಳು. ಅರಿವಳಿಕೆ ಅಥವಾ ಮಂಪರು ಬರುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಆ ದಿನ ಅಮ್ಮನ ಜೊತೆ ಒಬ್ಬರು ಇರಲೇಬೇಕು, ಮತ್ತು ಅವತ್ತು ರಾತ್ರಿಯೂ ಬೆಂಗಳೂರಲ್ಲಿ ಉಳಿಯಬೇಕು. ನಿಮ್ಮ ಅಂಗಡಿಯ ರಜೆಯನ್ನು ಮೊದಲ ವಾರಗಳಲ್ಲೇ ಖಾಲಿ ಮಾಡಬೇಡಿ. ಶುರುವಿನಲ್ಲಿ ಚಿಕ್ಕಮ್ಮನೋ ಬೇರೆ ಯಾರೋ ಜೊತೆ ಬರಲಿ. ನೀವು ಕೀಮೋ ದಿನಗಳಿಗೆ, ಕೊನೆಯ ಎರಡು ವಾರಕ್ಕೆ, ಈ ದಿನಗಳಿಗೆ ರಜೆ ಉಳಿಸಿಕೊಳ್ಳಿ. ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರಬೇಕಾಗುತ್ತದೆ. ಆ ಹೊತ್ತಿಗೆ ಅಮ್ಮನೇ ಬಸ್ಸು ಹತ್ತಿ ಬರುವಷ್ಟು ದಾರಿ ಕಲಿತಿರುತ್ತಾರೆ. ಬರುವಾಗ ಹಳೆಯ ಫೈಲ್ ಮರೆಯದೆ ತರಲಿ, ರಕ್ತ ಪರೀಕ್ಷೆಯನ್ನು ಹಿಂದಿನ ದಿನ ತುಮಕೂರಲ್ಲೇ ಮಾಡಿಸಿಕೊಂಡು ಬರಬಹುದಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ.